ನನ್ನ ಹದಿನೈದಿಂಚಿನ ಚಕ್ರಗಳು

ಅಳತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನಂಬಿಕೆಗೆ ಕಾರಣವೂ ಇತ್ತು. ಪೀಣ್ಯದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ನನ್ನ ಕೆಲಸವೇ ಅಳೆಯುವುದು. ಲೇತ್ ಯಂತ್ರದಿಂದ ಇಳಿದು ಬರುವ, ಉಕ್ಕಿನ ಬಳೆಗಳಂತೆ ಕಾಣುವ ಬುಷ್‌ಗಳನ್ನು ಒಂದೊಂದಾಗಿ ಮೈಕ್ರೋಮೀಟರಿನ ಬಾಯಿಗೆ ಕೊಟ್ಟು ನೋಡುತ್ತೇನೆ. ಕೂದಲೆಳೆಯ ಅರ್ಧದಷ್ಟು ಹೆಚ್ಚುಕಮ್ಮಿಯಿದ್ದರೂ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತೇನೆ. ಈ ಚಟ ಮನೆಗೂ ಬಂದಿದೆ. ಚಪಾತಿಯ ಅಂಚು ದಪ್ಪವಾದರೆ ನನಗೆ ಊಟ ರುಚಿಸುವುದಿಲ್ಲ. ನಮ್ಮ ಬೀದಿಯ ದರ್ಜಿ ನಾನು ಬರುವುದನ್ನು ಕಂಡರೆ ಟೇಪನ್ನೇ ನನ್ನ ಕೈಗೆ ಕೊಟ್ಟು ತಾನು ಪುಸ್ತಕದಲ್ಲಿ ಬರೆದುಕೊಳ್ಳಲು ಕೂರುತ್ತಾನೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ನಮ್ಮವರು ದಾವಣಗೆರೆಯ ನಮ್ಮ ಮನೆಗೆ ಬಂದಾಗ ನಾನು ನಾಚಿಕೊಂಡು ಬಾಗಿಲ ಕಡೆ ನೋಡುತ್ತಿದ್ದೇನೆಂದು ಎಲ್ಲರೂ ಮೆಚ್ಚಿದರಂತೆ. ನಿಜ ಹೇಳಬೇಕೆಂದರೆ ಅವರು ಒಳಗೆ ಬರುವಾಗ ತಲೆಗೂ ಬಾಗಿಲ ಪಟ್ಟಿಗೂ ಎಷ್ಟು ಅಂತರವಿತ್ತೆಂದು ಲೆಕ್ಕ ಹಾಕುತ್ತಿದ್ದೆ. ಅವರ ಎತ್ತರ ಐದಡಿ ಆರೂವರೆ ಇಂಚು ಎಂದು ಬಂತು. ಮದುವೆಯಾದ ಮೇಲೆ ಗೋಡೆಗೆ ನಿಲ್ಲಿಸಿ ಅಳೆದೆ. ಸರಿಯಾಗಿತ್ತು.

ಇಂಥ ನಾನು ಕಾರಿನ ಟೈರಿನಲ್ಲಿ ಸೋತ ಕಥೆಯನ್ನು ಇದುವರೆಗೆ ಕಾರ್ಖಾನೆಯವರು ಮಾತ್ರ ಹೇಳಿಕೊಂಡು ನಗುತ್ತಿದ್ದರು. ಅವರು ಹೇಳುವಾಗ ಅದಕ್ಕೆ ಕೈಕಾಲು ಬೆಳೆಯುತ್ತಿರುವುದರಿಂದ ನಾನೇ ಹೇಳಿಬಿಡುವುದು ಕ್ಷೇಮ.

ನಮ್ಮ ಡಿಸೈನ್ ವಿಭಾಗದ ಹುಡುಗರಿಗೆ ಕಾರಿನ ಹುಚ್ಚು. ಒಂದು ದಿನ ಕ್ಯಾಂಟೀನಿನ ಬಳಿ ನೋಟೀಸು ಹಾಕಿದರು: ಮಾಕಳಿಯಲ್ಲಿ ಭಾನುವಾರ ಹವ್ಯಾಸಿಗಳ ಆಟೋಕ್ರಾಸ್, ಮಹಿಳೆಯರಿಗೆ ಬೇರೆ ವಿಭಾಗ. ನಾನು ವಿಚಾರಿಸಿದೆ. ಬಯಲಿನಲ್ಲಿ ಪ್ಲಾಸ್ಟಿಕ್ಕಿನ ಕಿತ್ತಳೆ ಬಣ್ಣದ ಶಂಕುಗಳನ್ನು ನಿಲ್ಲಿಸಿರುತ್ತಾರೆ. ಅವುಗಳ ನಡುವೆ ಹಾವಿನಂತೆ ಸುಳಿದು ಕಾರು ಓಡಿಸಬೇಕು. ಒಂದು ಸಲಕ್ಕೆ ಒಂದೇ ಕಾರು, ಪೈಪೋಟಿಯೆಲ್ಲ ಗಡಿಯಾರದ ಜೊತೆ. ಒಂದು ಶಂಕು ಬಿದ್ದರೆ ಐದು ಸೆಕೆಂಡು ದಂಡ. ಒಬ್ಬರಿಗೆ ಮೂರು ಅವಕಾಶ. ಇದು ವೇಗಕ್ಕಿಂತ ಅಳತೆಯ ಆಟ ಎಂದು ನನಗನ್ನಿಸಿತು. ಹಿಂದೆಮುಂದೆ ನೋಡದೆ ಹೆಸರು ಕೊಟ್ಟೆ. ಮನೆಗೆ ಬಂದು ಹೇಳಿದರೆ ನಮ್ಮವರು ಪೇಪರಿನಿಂದ ತಲೆಯೆತ್ತಿ, "ಆಟೋ ಕ್ರಾಸಾ? ಅದು ಯಾವ ಬಸ್ ಸ್ಟಾಪು?" ಎಂದರು. ಅವರು ಪಿಯು ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಾರೆ. ಭೂಮಿ ತಿರುಗುವುದನ್ನು ಬಿಟ್ಟರೆ ಬೇರೆ ಯಾವುದೂ ಜೋರಾಗಿ ತಿರುಗುವುದು ಅವರಿಗೆ ಹಿಡಿಸುವುದಿಲ್ಲ. ನಮ್ಮಮ್ಮನಿಗೆ ಫೋನು ಮಾಡಿದರೆ ಆಕೆ ಇನ್ನೂ ಗಾಬರಿಯಾಗಿ, "ಆಟೋದವ್ರ ಕೂಡ ಯಾಕ ಜಗಳ ತಗದೀಯವ್ವ?" ಎಂದಳು.

ನಮ್ಮದು ಹಳೆಯ ಪುಟ್ಟ ಕಾರು. ಚಿಕ್ಕಬಾಣಾವರದ ಮನೆಯಿಂದ ಪೀಣ್ಯಕ್ಕೆ ಹೋಗಿ ಬರುವುದು ಬಿಟ್ಟು ಅದಕ್ಕೆ ಬೇರೆ ಲೋಕ ಗೊತ್ತಿಲ್ಲ. ಸ್ಪರ್ಧೆಗೆ ಅಂಥ ಕಾರನ್ನು ಹಾಗೇ ಒಯ್ಯುವುದೇ ಎಂದು ಹುಡುಗರನ್ನು ಕೇಳಿದೆ. "ಟೈರ್ ಚೇಂಜ್ ಮಾಡಿ ಮೇಡಂ, ಎಲ್ಲಾ ಟೈರಲ್ಲೇ ಇರೋದು" ಎಂದರು. ಅಂದಿನಿಂದ ನನ್ನ ನಿದ್ದೆ ಹೋಯಿತು. ಇಂಟರ್‌ನೆಟ್ಟಿನಲ್ಲಿ ಈ ವಿಷಯವಾಗಿ ಜಗಳವಾಡುವವರೇ ಒಂದು ಊರಿನಷ್ಟಿದ್ದಾರೆ. ಅಗಲ ಹೆಚ್ಚಾದರೆ ಹಿಡಿತ ಹೆಚ್ಚು ಎನ್ನುತ್ತಾನೆ ಒಬ್ಬ. ಅಗಲವಾದರೆ ಭಾರ, ಎಂಜಿನ್ ಎಳೆಯುವುದಿಲ್ಲ ಎನ್ನುತ್ತಾನೆ ಇನ್ನೊಬ್ಬ. ಟೈರಿನ ಮೇಲೆ ಬರೆದಿರುವ ಅಳತೆಯನ್ನು ಓದಲು ಕಲಿತ ದಿನವಂತೂ ನನಗೆ ಸಿಟ್ಟೇ ಬಂತು. ನಮ್ಮ ಕಾರಿನದು ನೂರೈವತ್ತೈದು, ಎಂಬತ್ತು, ಹದಿಮೂರು. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಅದರ ಪಕ್ಕೆಯ ಎತ್ತರ, ಅಗಲದ ಶೇಕಡ ಎಂಬತ್ತು. ಮೂರನೆಯದು ಒಳಗಿನ ಲೋಹದ ರಿಮ್ಮು, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡ, ಇಂಚು! ನಮ್ಮಜ್ಜಿ ಓದಿದವಳಲ್ಲ, ಆದರೂ ಪಾವು ಸೇರು ಎಂದು ಒಂದೇ ಕುಲದ ಅಳತೆಗಳಲ್ಲಿ ಅಕ್ಕಿ ಅಳೆಯುತ್ತಿದ್ದಳು.

ಆದರೂ ಮೂರು ದಿನ ಕೂತು ಕಾಗದದ ತುಂಬ ಲೆಕ್ಕ ಹಾಕಿ ಒಂದು ಅದ್ಭುತವನ್ನು ಕಂಡುಹಿಡಿದೆ. ನೂರಾ ತೊಂಬತ್ತೈದು, ಐವತ್ತು, ಹದಿನೈದು ಎಂಬ ಟೈರು ಹಾಕಿದರೆ ಅಗಲ ನಲವತ್ತು ಮಿಲಿಮೀಟರು ಹೆಚ್ಚುತ್ತದೆ, ಆದರೆ ಚಕ್ರದ ಒಟ್ಟು ಎತ್ತರ ಹಳೆಯದಕ್ಕಿಂತ ಎರಡೇ ಮಿಲಿಮೀಟರು ಕಡಿಮೆ. ಎರಡೇ! ಈ ಸಂತೋಷವನ್ನು ಹಂಚಿಕೊಳ್ಳಲು ಅಡಿಗೆಮನೆಗೆ ಓಡಿದೆ. ನಮ್ಮವರು ಹಾಲು ಉಕ್ಕದಂತೆ ನೋಡುತ್ತ ನಿಂತಿದ್ದವರು, "ಹಾಗಾದ್ರೆ ಬದಲಾಯಿಸೋದ್ಯಾಕೆ?" ಎಂದರು. ಭೂಗೋಳದವರಿಗೆ ಇದನ್ನೆಲ್ಲ ಬಿಡಿಸಿ ಹೇಳುವುದು ಕಷ್ಟ.

ಶನಿವಾರ ಮಧ್ಯಾಹ್ನ ಟೈರಂಗಡಿಗೆ ಹೋದೆ. ಅಂಗಡಿಯ ಬಾಷಾ ಭಾಯಿ ನನ್ನ ಕಾರಿನ ಸುತ್ತ ಒಂದು ಸುತ್ತು ಬಂದು, "ಮೇಡಂ, ಮಣ್ಣಲ್ಲಿ ಓಡ್ಸೋದಲ್ವಾ? ನೂರೆಪ್ಪತ್ತೈದು ಎಪ್ಪತ್ತು ಹದಿಮೂರು ಹಾಕ್ಕೊಳ್ಳಿ. ನಿಮ್ದೇ ರಿಮ್ಮಿಗೆ ಕೂರತ್ತೆ. ಪಕ್ಕದಲ್ಲಿ ರಬ್ಬರು ಜಾಸ್ತಿ ಇದ್ರೆ ಕಲ್ಲು ಗುಂಡಿ ತಡ್ಕೊಳ್ಳತ್ತೆ" ಎಂದರು. ನಾನು ನನ್ನ ಲೆಕ್ಕದ ಕಾಗದ ಬಿಚ್ಚಿ ತೋರಿಸಿದೆ. ಅವರು ಅದನ್ನು ಬಹಳ ಗೌರವದಿಂದ ಎರಡೂ ಕಡೆ ತಿರುಗಿಸಿ ನೋಡಿ, "ಲೆಕ್ಕ ಸಕ್ಕತ್ತಾಗಿದೆ ಮೇಡಂ. ಗಾಡಿ ಇದನ್ನ ಓದ್ಬೇಕಲ್ಲ" ಎಂದು ವಾಪಸು ಕೊಟ್ಟರು. ನಾನು ಬಿಡಲಿಲ್ಲ. ಹದಿನೈದಿಂಚಿನ ಮಿರಮಿರ ಮಿಂಚುವ ಅಲಾಯ್ ಚಕ್ರಗಳು ನಾಲ್ಕೂ ಕೂತ ಮೇಲೆ ಕಾರಿನ ಪಕ್ಕ ಬಾಗಿ, ಟೈರಿಗೂ ಮೇಲಿನ ತಗಡಿಗೂ ನಡುವೆ ಬೆರಳಿಟ್ಟು ನೋಡಿದೆ. ಸಲೀಸಾಗಿ ಹೋಯಿತು. ಹಳೆಯ ಚಕ್ರಗಳನ್ನು ಅಲ್ಲೇ ಬಿಟ್ಟುಬಿಡೋಣವೆಂದಿದ್ದೆ. ಜೊತೆಗೆ ಬಂದಿದ್ದ ನಮ್ಮವರು ಅವುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಪೇರಿಸಿದರು. ಮನೆಯ ಪಾರ್ಕಿಂಗಿನಲ್ಲಿ ತಿರುಗಿಸುವಾಗ ಕರಕರ ಎಂಬ ಸದ್ದು ಬಂತು. ಹೊಸ ರಬ್ಬರು, ಹಾಗೇ ಎಂದೆ.

ಸ್ಪರ್ಧೆಯ ಜಾಗ ಮಾಕಳಿಯಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲ. ಲೇಔಟ್ ಮಾಡುತ್ತೇನೆಂದು ಯಾರೋ ಮಟ್ಟ ಮಾಡಿಸಿ ಅರ್ಧಕ್ಕೇ ಬಿಟ್ಟು ಹೋಗಿದ್ದ. ಹೊಲದ ಯಜಮಾನ ಯಾರೆಂದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆಯೇ. ಅಂಚಿನ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ನಮ್ಮ ಕಾರ್ಖಾನೆಯ ಹನುಮಂತರಾಯಪ್ಪ ಕೂತಿದ್ದರು. ಮೂವತ್ತು ವರ್ಷದಿಂದ ಲೇತ್ ಹಿಡಿದ ಕೈ. ಹದಿನೈದು ದಿನದ ಹಿಂದೆ ಅವರು ಮಾಡಿದ ಒಂದು ಟ್ರೇ ಬುಷ್‌ಗಳಿಗೆ ನಾನು ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸಿದ್ದೆ. ಅಂದಿನಿಂದ ಅವರು ನನಗೆ ನಮಸ್ಕಾರ ಹೇಳುವುದನ್ನು ಬಿಟ್ಟಿದ್ದರು. ನಾನು ಊಟಕ್ಕೆ ಬಂದರೆ ಅವರು ಕೈ ತೊಳೆಯಲು ಏಳುತ್ತಿದ್ದರು. ಇನ್ನಾರು ತಿಂಗಳಿಗೆ ನಿವೃತ್ತಿಯಾಗುವ ಮನುಷ್ಯ ಹೀಗೆ ಮುಖ ತಿರುಗಿಸಿಕೊಂಡು ಹೋಗಿಬಿಟ್ಟರೆ ಹೇಗೆ ಎಂಬ ಕೊರಗು ನನಗಿತ್ತು. ಆದರೆ ಅಳತೆ ತಪ್ಪಿದ್ದು ಅವರದಲ್ಲವೇ, ನಾನೇಕೆ ಬಗ್ಗಬೇಕು ಎಂಬ ಬಿಗುಮಾನವೂ ಇತ್ತು.

ನನ್ನ ಸರದಿ ಬಂತು. ಬಾವುಟ ಕೆಳಗಿಳಿಯಿತು. ಮೊದಲ ನೇರ ದಾರಿಯಲ್ಲಿ ಕಾರು ಚೆನ್ನಾಗಿಯೇ ಓಡಿತು, ಸ್ವಲ್ಪ ಸೋಮಾರಿಯಾಗಿದೆ ಅನ್ನಿಸಿದರೂ. ಮೊದಲ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ಎಳೆದೆ. ಗರ್ರ್ ಎಂದು ಹಲ್ಲು ಕಡಿದ ಸದ್ದು, ಸುಟ್ಟ ರಬ್ಬರಿನ ವಾಸನೆ. ಕಾರು ನಾನು ಹೇಳಿದಷ್ಟು ತಿರುಗಲೇ ಇಲ್ಲ. ಎದುರಿಗಿದ್ದ ಮೂರು ಶಂಕುಗಳು ಒಂದರ ಮೇಲೊಂದು ಬಿದ್ದವು. ನಾಲ್ಕನೆಯದು ಕಾರಿನ ಕೆಳಗೆ ಸೇರಿಕೊಂಡು ಗೆರೆ ದಾಟುವವರೆಗೂ ನನ್ನ ಜೊತೆ ಬಂತು. ಇಳಿದು ನೋಡಿದರೆ ಮುಂದಿನ ಎರಡೂ ಟೈರುಗಳ ಅಂಚು ಇಲಿ ಕಡಿದಂತೆ ಕಿತ್ತಿತ್ತು. ಡಿಸೈನ್ ಹುಡುಗರು ಓಡಿ ಬಂದು ಸುತ್ತ ನಿಂತರು. ಒಬ್ಬ ಬೇರಿಂಗ್ ಎಂದ, ಇನ್ನೊಬ್ಬ ಗಾಳಿ ಕಮ್ಮಿ ಎಂದ. "ಮೇಡಂ, ಬಿಟ್ಬಿಡಿ, ಟೈರ್ ಹೊಡೆದ್ರೆ ರಿಸ್ಕು" ಎಂದ ಮೂರನೆಯವನು. ಇಡೀ ಕಾರ್ಖಾನೆಗೆ ಹೇಳಿಕೊಂಡು ಬಂದವಳು ನಾನು. ನಾಳೆ ಬೆಳಗ್ಗೆ ಯಾವ ಮುಖ ಹೊತ್ತು ಗೇಟು ದಾಟಲಿ ಎಂದು ಕಣ್ಣು ತುಂಬಿತು.

ಆಗ ಹನುಮಂತರಾಯಪ್ಪ ಮರದ ಕೆಳಗಿನಿಂದ ಎದ್ದು ನಿಧಾನವಾಗಿ ಬಂದರು. ನನ್ನನ್ನು ನೋಡಲಿಲ್ಲ. ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಒಳಗ್ ಕೂತ್ಕಂಡು ಸ್ಟೇರಿಂಗ್ ನೇರ ಇಡ್ಕಳಿ" ಎಂದರು. ಹಿಡಿದೆ. ಬೆರಳು ತೂರಿಸಿ ನೋಡಿದರು. "ಈಗ ಪೂರ್ತಿ ತಿರುಗ್ಸಿ." ತಿರುಗಿಸಿದೆ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಒಂದು ಕಡ್ಡಿಯನ್ನು ತೂರಿಸಲು ನೋಡಿದರು.

"ನೇರ ಇದ್ದಾಗ ಬೆಳ್ಳು ಓಗ್ತದೆ. ತಿರುಗ್ಸಿದ್ರೆ ಕಡ್ಡೀನೂ ಓಗಲ್ಲ. ಅಗಲ ಜಾಸ್ತಿಯಾಗಿ ಒಳಗ್ ಉಜ್ತಾ ಐತೆ. ಅಳತೆ ತಗಂಡಾಗ ಚಕ್ರ ತಿರುಗ್ಸಿ ನೋಡಿದ್ರಾ ಮೇಡಂ?"

ತಿರುಗಿಸಿ ಓಡಿಸುವ ಆಟಕ್ಕೆ ಹೊರಟವಳು ಚಕ್ರವನ್ನು ನೇರ ನಿಲ್ಲಿಸಿ ಅಳೆದಿದ್ದೆ.

"ಈ ಪೀಸು ರಿಜೆಕ್ಟು" ಎಂದರು ಹನುಮಂತರಾಯಪ್ಪ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ಅಳುವಿನ ನಡುವೆ ನಗು ಬಂತು. "ಕೆಂಪು ಚೀಟಿ ಅಂಟ್ಸಿಬಿಡಿ ಅಣ್ಣ" ಎಂದೆ.

"ನಾನು ಚೀಟಿ ಅಂಟ್ಸಲ್ಲ ಮೇಡಂ" ಎಂದು ಅವರು ಮೊದಲ ಸಲ ನನ್ನ ಮುಖ ನೋಡಿದರು. "ಎದುರ್ಗೆ ಬಂದು ಏಳ್ತೀನಿ."

ನಾನು ಕಾರಿನಿಂದ ಇಳಿದೆ. "ತಪ್ಪಾಯ್ತು ಅಣ್ಣ. ನನ್ನ ಟೇಬಲ್ಲಿಂದ ನಿಮ್ಮ ಲೇತ್‌ವರೆಗೆ ಹದಿನೈದು ಹೆಜ್ಜೆ ನಡ್ಕೊಂಡು ಬಂದು ಹೇಳ್ಬೇಕಿತ್ತು" ಎಂದೆ.

"ಮಾಲು ಸರಿ ಇರ್ಲಿಲ್ಲ ಬಿಡಿ. ಟೂಲು ಸವೆದಿತ್ತು, ನಂಗೂ ಗೊತ್ತು. ಅದಕ್ಕೆ ಬ್ಯಾಸರ ಇಲ್ಲ. ಮೂವತ್ತು ವರ್ಸ ಆದ್ಮೇಲೆ ಚೀಟಿ ನೋಡಿ ತಿಳ್ಕಬೇಕಾಯ್ತಲ್ಲ ಅಂತ ಅಷ್ಟೇಯ" ಎಂದು ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿಕೊಂಡರು. "ಅಳೇ ಚಕ್ರ ಎಲ್ಲವೆ?"

ಅವು ಮನೆಯಲ್ಲಿದ್ದವು. ಫೋನು ಮಾಡಿದೆ. ಏನಾಯಿತೆಂದು ಅರ್ಧ ಹೇಳುವಷ್ಟರಲ್ಲಿ ನಮ್ಮವರು, "ಚಕ್ರ ನಾಲ್ಕೂ ಬೇಕಾ, ಎರಡು ಸಾಕಾ?" ಎಂದು ಕೇಳಿದರು. ಮುಕ್ಕಾಲು ಗಂಟೆಯಲ್ಲಿ ಒಂದು ಲಗೇಜ್ ಆಟೋ ಧೂಳೆಬ್ಬಿಸಿಕೊಂಡು ಬಂತು. ಬೆಳಗಿನ ಪೂಜೆ ಮುಗಿಸಿ ಹಣೆಯ ವಿಭೂತಿಯನ್ನೂ ಒರೆಸದೆ ನಮ್ಮವರು ಹಿಂದುಗಡೆ ಟೈರುಗಳನ್ನು ಅಪ್ಪಿಕೊಂಡು ಕೂತಿದ್ದರು. ಅಲಾಯ್ ಚಕ್ರದ ನಟ್ಟುಗಳು ಹಳೆಯ ರಿಮ್ಮಿಗೆ ಹೊಂದುವುದಿಲ್ಲ ಎಂದು ಹನುಮಂತರಾಯಪ್ಪ ತಲೆ ಕೆರೆದುಕೊಳ್ಳುವಾಗ, ನಮ್ಮವರು ತಾವು ಕಾಲೇಜಿಗೆ ಅವಲಕ್ಕಿ ಒಯ್ಯುವ ಸ್ಟೀಲಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಟೈರಂಗಡಿಯಲ್ಲಿ ಬಿಚ್ಚಿದ ಹಳೆಯ ನಟ್ಟುಗಳು ಎಣಿಸಿಟ್ಟಂತೆ ಅದರಲ್ಲಿದ್ದವು. "ಕಾಲೇಜಿನೋರಾದ್ರೂ ಪರವಾಗಿಲ್ವೆ" ಎಂದರು ಹನುಮಂತರಾಯಪ್ಪ. ಅವರಿಬ್ಬರೂ ಜ್ಯಾಕು ಹಾಕಿ ಚಕ್ರ ಬದಲಿಸಿದರು. ನಾನು ನಟ್ಟುಗಳನ್ನು ಒಂದೊಂದಾಗಿ ಎತ್ತಿ ಕೊಟ್ಟೆ.

ಅಷ್ಟರಲ್ಲಿ ಎರಡನೆಯ ಅವಕಾಶ ಕಳೆದು ಕೊನೆಯದು ಉಳಿದಿತ್ತು. ಹಳೆಯ ಸಣಕಲು ಟೈರುಗಳ ಮೇಲೆ ಹೊರಟೆ. ಕಾರು ತಿರುವಿನಲ್ಲಿ ಒಂದು ಕಡೆಗೆ ವಾಲಿತು, ಟೈರುಗಳು ಮಣ್ಣು ಕೆದರಿದವು, ಧೂಳು ಕಿಟಕಿಯಿಂದ ಒಳಗೆ ನುಗ್ಗಿತು. ಆದರೆ ಹೇಳಿದ ಕಡೆ ತಿರುಗಿತು. ಹನ್ನೆರಡು ವರ್ಷ ಜೊತೆಗಿದ್ದ ಕಾರು ಇಷ್ಟು ಹಗುರವಾಗಿ ನನ್ನ ಮಾತು ಕೇಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ಶಂಕುವೂ ಬೀಳಲಿಲ್ಲ. ಗೆರೆ ದಾಟಿದಾಗ ನಾನು ಕಿರುಚುತ್ತಿದ್ದೆ ಎಂದು ಆಮೇಲೆ ಹುಡುಗರು ಹೇಳಿದರು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಐದು ಜನ ಹೆಂಗಸರಲ್ಲಿ ನಾನು ನಾಲ್ಕನೆಯವಳಾದೆ. ಗೆದ್ದಾಕೆ ವೈಟ್‌ಫೀಲ್ಡಿನಿಂದ ಬಂದಿದ್ದ ಶಾಲೆಯ ಟೀಚರು. ಹತ್ತಿರ ಹೋಗಿ, ನಿಮ್ಮ ಟೈರಿನ ಅಳತೆ ಯಾವುದು ಎಂದು ಗುಟ್ಟಾಗಿ ಕೇಳಿದೆ. "ಅಯ್ಯೋ, ಗೊತ್ತಿಲ್ಲ ಕಣ್ರೀ. ಶೋರೂಮಲ್ಲಿ ಏನ್ ಹಾಕಿದ್ರೋ ಅದೇ ಇದೆ" ಎಂದು ಆಕೆ ಬಗ್ಗಿ ತಾನೂ ಮೊದಲ ಸಲ ಓದತೊಡಗಿದಳು. ಹೊರಡುವಾಗ ಹನುಮಂತರಾಯಪ್ಪ ಕುರ್ಚಿಯಿಂದ ಎದ್ದು ನಮಸ್ಕಾರ ಹೇಳಿದರು. ಆ ದಿನ ನನಗೆ ಸಿಕ್ಕಿದ ಬಹುಮಾನ ಅದೊಂದೇ, ಸಾಕಾಯಿತು.

ಚಿಕ್ಕಬಾಣಾವರದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಕಾರು ನಿಲ್ಲಿಸಿದೆ. ನಮ್ಮವರು ಹೊರಗೆ ನೋಡುತ್ತ, "ಮುಂದಿನ ಸಲ ಗಂಡಸರ ವಿಭಾಗಕ್ಕೆ ಯಾರು ಬೇಕಾದ್ರೂ ಹೆಸರು ಕೊಡಬಹುದಾ?" ಎಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಕೊಡ್ರೀ, ಖಂಡಿತ ಕೊಡಿ! ಆದ್ರೆ ನಿಮ್ಮ ತೂಕಕ್ಕೆ ಈ ಟೈರು ಸಾಲಲ್ಲ. ನೂರೆಪ್ಪತ್ತೈದು ಎಪ್ಪತ್ತು ಹದಿಮೂರು ಹಾಕಿದ್ರೆ ಎತ್ತರ ಮೂರೇ ಮಿಲಿಮೀಟರು ಕಡಿಮೆ ಆಗುತ್ತೆ, ನೋಡಿ..." ಎಂದು ಕೈಚೀಲದಲ್ಲಿ ಪೆನ್ನು ಹುಡುಕತೊಡಗಿದೆ. ರೈಲು ಬಂತು, ಹೋಯಿತು. ಗೇಟು ಮೇಲೆದ್ದಿತು. ಹಿಂದಿನ ಲಾರಿಯವನು ಎರಡು ಸಲ ಹಾರ್ನ್ ಹೊಡೆದ. ನಮ್ಮವರು ಮೆಲ್ಲಗೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಮ್ಮ ಜೇಬಿಗಿಟ್ಟುಕೊಂಡರು.