ತಲೆದಿಂಬಿಗೆ ಬಿದ್ದ ಹನಿ

ಬೆಳಗಿನ ಆರು ಗಂಟೆಗೆ ಪರಮೇಶನ ಹಣೆಯ ನಟ್ಟನಡುವೆ ಒಂದು ಹನಿ ನೀರು ಬಿತ್ತು. ತಣ್ಣಗಿನ, ಗುಂಡಗಿನ, ಒಂದೇ ಒಂದು ಹನಿ. ಹೆಡ್‌ಮಾಸ್ಟರು ಬೆರಳು ಮಡಚಿ ಹಣೆಗೆ ಕುಟ್ಟಿ "ಏಳೋ ದಡ್ಡ" ಅಂದ ಹಾಗಾಯಿತು. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದಿದ್ದ ಪರಮೇಶನಿಗೆ ಹಣೆಗೆ ಕುಟ್ಟಿಸಿಕೊಳ್ಳುವುದೆಂದರೆ ಈಗಲೂ ಮೈಯೆಲ್ಲ ಉರಿ. ಧಡಕ್ಕನೆ ಎದ್ದ. ಎದ್ದ ರಭಸಕ್ಕೆ ತಲೆ ತಾನೇ ಮಾಡಿದ ಮರದ ಗೂಡಿಗೆ ಬಡಿಯಿತು. ಗೂಡಿಗೆ ಏನೂ ಆಗಲಿಲ್ಲ, ಅಷ್ಟು ಗಟ್ಟಿಯಾಗಿ ಮಾಡಿದ್ದ.

ಮೇಲೆ ನೋಡಿದ. ವ್ಯಾನಿನ ಬಿಳಿ ಪ್ಲೈವುಡ್ಡಿನ ಛಾವಣಿಯಲ್ಲಿ ಎರಡನೇ ಹನಿ ನಿಧಾನಕ್ಕೆ ದಪ್ಪಗಾಗುತ್ತಿತ್ತು.

ನ್ಯಾಮತಿಯಲ್ಲಿ ಪರಮೇಶನ ಟಿಂಕರಿಂಗ್ ಶೆಡ್ಡಿನ ಮುಂದೆ ನಿಂತಿದ್ದ ಆ ವ್ಯಾನು ಅವನಿಗಿಂತ ಹತ್ತು ವರ್ಷ ದೊಡ್ಡದು. ಹೊನ್ನಾಳಿಯ ಗುಜರಿಯಲ್ಲಿ ಅದರೊಳಗೆ ಕೋಳಿಗಳು ಸಂಸಾರ ಮಾಡಿಕೊಂಡಿದ್ದವು. ಅವುಗಳನ್ನು ಒಕ್ಕಲೆಬ್ಬಿಸಿ ವ್ಯಾನನ್ನು ಎಳೆದುಕೊಂಡು ಬಂದು, ಎರಡು ವರ್ಷ ತುಕ್ಕು ಕೆರೆದು, ತಗಡು ಬೆಸೆದು, ಒಳಗೆ ಇಬ್ಬರು ಮಲಗುವ ಹಾಸಿಗೆ, ಮಡಚುವ ಮೇಜು, ಪುಟ್ಟ ಒಲೆ, ಕಿಟಕಿಗೆ ಹೂವಿನ ಪರದೆ ಎಲ್ಲ ಮಾಡಿದ್ದ. ಹೊರಗೆ ಕೆನೆ ಬಣ್ಣ. ಊರೂರು ಸುತ್ತುವವರಿಗೆ ಬಾಡಿಗೆಗೆ ಕೊಡುವುದು ಅವನ ಲೆಕ್ಕಾಚಾರ. ಹೋದ ತಿಂಗಳು ಮೊದಲ ಮಳೆ ಬಿದ್ದಾಗ ಒಳಗೆ ಕೂತು ಫೋನಿನಲ್ಲಿ ವೀಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಿದ್ದ. ಅವತ್ತೂ ಸೋರಿತ್ತು. ಸೋರುವ ಕಡೆ ಒಂದು ಸ್ಟೀಲ್ ಬೋಗುಣಿ ಇಟ್ಟು, ಅದು ಕಾಣದ ಹಾಗೆ ಜಾಣತನದಿಂದ ಫೋನು ಹಿಡಿದಿದ್ದ. ಆಮೇಲೆ ತೂತಿಗೆ ಪುಟ್ಟಿ ಬಳಿದು, ಕಥೆ ಮುಗಿಯಿತು ಅಂದುಕೊಂಡಿದ್ದ.

ಆ ವೀಡಿಯೊ ಅವರಿವರ ಫೋನು ಹಾದು ಜಗಳೂರು ತಲುಪಿ, ಅಲ್ಲಿನ ರಿಟೈರಾದ ಡ್ರಿಲ್ ಮೇಷ್ಟ್ರು ನಾಗೇಂದ್ರಪ್ಪ ಫೋನು ಮಾಡಿದ್ದರು. ಗಂಡ ಹೆಂಡತಿ ಇಬ್ಬರೂ ಇವತ್ತು ನಾಲ್ಕು ಗಂಟೆಗೆ ಬಂದು ವ್ಯಾನು ನೋಡುವವರು. ಒಪ್ಪಿದರೆ ನಾಳೆಯಿಂದಲೇ ನಾಲ್ಕು ದಿನ ಪ್ರವಾಸ. ಅವರೇ ಮೊದಲ ಗಿರಾಕಿ.

ಅವರು ಒಪ್ಪದಿದ್ದರೆ ಕೊನೇ ಗಿರಾಕಿಯೂ ಅವರೇ. ಯಾಕೆಂದರೆ ಶೆಡ್ಡು ನಿಂತಿದ್ದ ಜಾಗ ಸೋದರಮಾವ ಷಣ್ಮುಖಪ್ಪನದು. ಮಾವನ ಕಣ್ಣಿಗೆ ಆ ವ್ಯಾನು ಮೊದಲಿನಿಂದಲೂ ಗೋಬಿ ಮಂಚೂರಿ ಗಾಡಿಯಾಗಿಯೇ ಕಾಣುತ್ತಿತ್ತು. "ಈ ಗಿರಾಕಿ ವಾಪಸ್ ಹೋದ್ರೆ ನಾಳೆ ಬೆಳಗ್ಗೆ ಇದ್ರ ಪಕ್ಕೆ ಕೊಯ್ಯೋದೇ" ಎಂದು ಮಾವ ಖಡಾಖಂಡಿತ ಹೇಳಿಯಾಗಿತ್ತು. ಪರಮೇಶ ಸಿಟ್ಟಿನಲ್ಲಿ "ಆತು, ಕೊಯ್ಯಿ" ಅಂದಿದ್ದ. ಅವನ ಸಿಟ್ಟು ಯಾವಾಗಲೂ ಅವನಿಗಿಂತ ಮೊದಲು ಮಾತಾಡಿಬಿಡುತ್ತಿತ್ತು.

ಏಳು ಗಂಟೆಗೆ ಮಳೆ ನಿಂತಿತು. ಮಾವ ಹಾಜರಾದ. ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಸೀಮೆಸುಣ್ಣ.

"ಸೋರ್ತೈತಂತೆ?" ಎಂದ, ಮದುವೆ ಮನೆಗೆ ಬಂದವರ ಹಾಗೆ ನಗುತ್ತ.

"ಯಾವನು ಹೇಳಿದ್ದು?"

"ನಿನ್ನ ಮುಖನೇ ಹೇಳ್ತೈತೆ." ಮಾವ ವ್ಯಾನಿನ ಪಕ್ಕೆಗೆ ಟೇಪು ಹಿಡಿದು ಅಳೆದು ಒಂದು ಚೌಕ ಬರೆದ. "ಇಲ್ಲಿ ಕಿಟಕಿ. ಇಲ್ಲಿ ಬಾಣಲೆ. ಸಾಸು ಇಡಾಕೆ ಒಂದು ಸಣ್ಣ ಹಲಗೆ."

ಪರಮೇಶ ಬನಿಯನ್ನಿನ ತುದಿಯಿಂದ ಚೌಕ ಒರೆಸಿದ. ಮಾವ ತಾಳ್ಮೆಯಿಂದ ಮತ್ತೆ ಬರೆದ.

ಅಷ್ಟರಲ್ಲಿ ಗಿಡ್ಡಪ್ಪ ಬಂದ. ಹೆಸರು ಗಿಡ್ಡಪ್ಪ, ಆಳು ವಿದ್ಯುತ್ ಕಂಬದಷ್ಟು ಎತ್ತರ. ಮೂವತ್ತು ವರ್ಷ ಊರಿಗೆ ನಲ್ಲಿ ನೀರು ಬಿಟ್ಟು ರಿಟೈರಾದವನು. ನೀರಿನ ವಿಷಯ ಎಲ್ಲಿ ಬಂದರೂ ಗಿಡ್ಡಪ್ಪ ಅಲ್ಲಿರುತ್ತಿದ್ದ. ಅವನು ಕೆಲಸದಲ್ಲಿದ್ದಾಗ ಊರಿನ ಪೈಪುಗಳೆಲ್ಲ ಸೋರುತ್ತಿದ್ದವು, ಅದು ಬೇರೆ ಮಾತು.

"ನೀರು ಬೀಳೋದು ಒಂದು ಕಡೆ, ಒಳಗೆ ಬರೋದು ಇನ್ನೊಂದು ಕಡೆ ಕಣಪ್ಪ," ಎಂದು ಗಿಡ್ಡಪ್ಪ ಛಾವಣಿಯನ್ನು ನಾಡಿ ಹಿಡಿದ ಡಾಕ್ಟರಂತೆ ತಟ್ಟಿದ. "ತಗಡಿನ ಒಳಗೇ ಹರಕೊಂಡು ಬರ್ತೈತೆ. ನಾನು ಮೂವತ್ತು ವರ್ಷ..."

"ಗೊತ್ತು ಗಿಡ್ಡಪ್ಪಣ್ಣ. ತೂತು ಎಲ್ಲೈತೆ ಹೇಳು."

"ಅದನ್ನ ನೀನು ಹುಡುಕಬೇಕು."

ಪರಮೇಶನ ಕೈಯಲ್ಲಿದ್ದ ಸ್ಪಾನರು ತಂತಾನೇ ಹಾರಿ ಡ್ರಮ್ಮಿಗೆ ಬಡಿಯಿತು. ಆ ಸದ್ದಿಗೆ ಪಕ್ಕದ ಅಂಗಡಿಯಿಂದ ಖಲಂದರ್ ಓಡಿ ಬಂದ. ಟ್ರ್ಯಾಕ್ಟರು, ಆಟೋ ಸೀಟುಗಳಿಗೆ ರೆಕ್ಸಿನ್ ಹೊಲಿಯುವವನು. ವ್ಯಾನಿನ ಹಾಸಿಗೆ ಹೊಲಿದದ್ದೂ ಅವನೇ.

"ಅರೇ ಪರಮೇಶಣ್ಣ, ಗುಸ್ಸಾ ಬ್ಯಾಡ. ಸೋಪು ತಗೊಂಬಾ. ಪೆಟ್ರೋಲ್ ಟ್ಯಾಂಕು ಸೋರೋದೇ ಸೋಪಿಗೆ ನಿಂತ್ಕಂತೈತೆ, ಮಳೆ ನೀರು ಯಾವ ಲೆಕ್ಕ?"

ಬಟ್ಟೆ ಸೋಪು ನೆನೆಸಿ, ಕಲಸಿ, ಛಾವಣಿಯ ಪ್ರತಿ ರಿವೆಟ್ಟಿಗೂ, ಪ್ರತಿ ಬೆಸುಗೆಗೂ ಮೆತ್ತಿದರು. ಕಿಟಕಿಯ ರಬ್ಬರಿಗೆ ಒಂದು ಟ್ಯೂಬು ಸಿಲಿಕಾನ್ ಹಿಂಡಿದರು. ಹತ್ತು ಗಂಟೆಯಾಯಿತು. ಈಗ ಪರೀಕ್ಷೆ ಮಾಡಲು ಮಳೆ ಬೇಕು. ಆದರೆ ಆಕಾಶ ಹೊಸ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಬೇಡವೆಂದಾಗ ಸುರಿಯುವುದು, ಬೇಕೆಂದಾಗ ನಾಪತ್ತೆಯಾಗುವುದು: ಮಳೆಗೂ ಊರಿನ ಮುಖಂಡರಿಗೂ ಒಂದೇ ಬುದ್ಧಿ.

"ಕೊಡದಾಗಿಂದ ಸುರಿದ್ರೆ ಆಗಲ್ಲ, ಮೇಲಿಂದ ಹನಿ ಹನಿಯಾಗಿ ಬೀಳಬೇಕು," ಎಂದ ಗಿಡ್ಡಪ್ಪ.

ಖಲಂದರನಿಗೆ ಹೊಳೆಯಿತು. ಕೆರೆಬಿಳಚಿಯ ಅವನ ಭಾವ ಅಡಿಕೆಗೆ ಔಷಧಿ ಹೊಡೆಯುವ ಮೆಷಿನ್ನನ್ನು ಅವನ ಅಂಗಡಿಯಲ್ಲೇ ಬಿಟ್ಟು ಹೋಗಿದ್ದ. ಡ್ರಮ್ಮು, ಮೋಟಾರು, ಉದ್ದನೆ ಪೈಪು, ತುದಿಗೆ ನಾಜಲ್ಲು. ಅರವತ್ತು ಅಡಿ ಮರದ ಮೇಲಿನ ಗೊನೆಗೇ ಮುಟ್ಟುವ ಮಳೆ, ವ್ಯಾನು ಯಾವ ಮಹಾ? ಡ್ರಮ್ಮಿಗೆ ನೀರು ತುಂಬಿದರು. ಪರಮೇಶ ಟಾರ್ಚು ಹಿಡಿದು ಒಳಗೆ ಮಲಗಿದ. ಗಿಡ್ಡಪ್ಪ ಹೊರಗೆ ಪೈಪು ಹಿಡಿದ. ಖಲಂದರ್ ಮೋಟಾರು ಹಾಕಿದ.

ಛಾವಣಿಯ ಮೇಲೆ ಸೊಗಸಾದ ಮಳೆ ಸುರಿಯಿತು. ಐದು ನಿಮಿಷವಾದ ಮೇಲೆ ಪರಮೇಶನ ಹಣೆಗೆ ಮತ್ತದೇ ಹನಿ, ಅದೇ ಜಾಗಕ್ಕೆ. ಒರೆಸಿಕೊಂಡು ಬೆರಳು ನೋಡಿದ. ಬೆರಳು ನೀಲಿಯಾಗಿತ್ತು.

ಹೊರಗೆ ಹಾರಿದ. ಕೆನೆ ಬಣ್ಣದ ವ್ಯಾನು ಇರಲಿಲ್ಲ. ಅದರ ಜಾಗದಲ್ಲಿ ನೀಲಿಯೂ ಅಲ್ಲದ ಹಸಿರೂ ಅಲ್ಲದ ಯಾವುದೋ ಒಂದು ಪ್ರಾಣಿ ತೊಟ್ಟಿಕ್ಕುತ್ತ ನಿಂತಿತ್ತು. ಮೆಷಿನ್ನಿನ ಡ್ರಮ್ಮಿನ ತಳದಲ್ಲಿ ಅಡಿಕೆಯ ಕೊಳೆರೋಗಕ್ಕೆಂದು ಭಾವ ಕಲಸಿಟ್ಟಿದ್ದ ನೀಲಿ ಮೈಲುತುತ್ತ ಸುಣ್ಣದ ಗಷ್ಟು ಹಾಗೇ ಉಳಿದಿತ್ತು. ಜಡಿಮಳೆಯಲ್ಲೂ ಅಡಿಕೆಗೊನೆಗೆ ಅಂಟಿಕೊಂಡಿರಲೆಂದು ಅದಕ್ಕೆ ರಾಳ ಬೇರೆ ಸೇರಿಸಿದ್ದ, ಪುಣ್ಯಾತ್ಮ.

"ಡ್ರಮ್ಮು ತೊಳೀಲಿಲ್ಲೇನಲೇ?" ಪರಮೇಶ ಕೂಗಿದ ಕೂಗಿಗೆ ಬಸ್‌ಸ್ಟ್ಯಾಂಡಿನ ನಾಯಿಗಳು ಎದ್ದು ಕೂತವು.

"ನೀರು ತುಂಬಿದ್ದು ಗಿಡ್ಡಪ್ಪಣ್ಣ..."

"ನೀರು ತುಂಬೋದಷ್ಟೇ ನನ್ನ ಡ್ಯೂಟಿ," ಎಂದ ಗಿಡ್ಡಪ್ಪ. ಆಮೇಲೆ ಸಮಾಧಾನ ಹೇಳಿದ: "ಒಂದು ಲೆಕ್ಕಕ್ಕೆ ಒಳ್ಳೇದೇ ಆತು ಬಿಡಪ್ಪ. ಇನ್ಮ್ಯಾಲೆ ನಿನ್ನ ವ್ಯಾನಿಗೆ ಕೊಳೆರೋಗ ಬರಲ್ಲ."

ಪರಮೇಶ ಅವನನ್ನು ಅಟ್ಟಿಸಿಕೊಂಡು ಶೆಡ್ಡಿಗೆ ಎರಡು ಸುತ್ತು ಹಾಕಿದ. ಉದ್ದ ಕಾಲಿನವನು ಸಿಗಲಿಲ್ಲ. ಉಜ್ಜಿದರೂ ಬಣ್ಣ ಹೋಗಲಿಲ್ಲ. ಮಾವ ಮಾತ್ರ ಸೀಮೆಸುಣ್ಣದ ಚೌಕವನ್ನು ಮೂರನೇ ಸಲ ಬರೆಯುತ್ತ, "ನೀಲಿ ಮ್ಯಾಲೆ ಬಿಳಿ ಗೆರೆ ಎದ್ದು ಕಾಣ್ತೈತೆ ನೋಡು," ಎಂದ. "ಕೆಂಪು ಅಕ್ಷರದಾಗೆ 'ಗೋಬಿ' ಅಂತ ಬರೆಸಿದ್ರೆ ಸವಳಂಗದಿಂದಲೇ ಕಾಣ್ತೈತೆ."

ಪರಮೇಶ ಮೆಟ್ಟಿಲ ಮೇಲೆ ಕುಸಿದು ಕೂತ. ಎರಡು ವರ್ಷ. ಓರಗೆಯವರು ಬೈಕು ತಗೊಂಡರು, ಮದುವೆಯಾದರು, ಮಕ್ಕಳ ಜಾವಳ ತೆಗೆಸಿದರು. ಇವನು ತುಕ್ಕು ಕೆರೆದ. ಓದದೇ ಇದ್ದವನು ತನ್ನ ಕೈಯಿಂದ ಒಂದಾದರೂ ಪೂರ್ತಿ ಮಾಡಿ ನಿಲ್ಲಿಸಬೇಕು ಅನ್ನುವುದು ಅವನ ಹಠ. ಅದನ್ನು ಯಾರಿಗೂ ಹೇಳಿರಲಿಲ್ಲ. ಸಿಟ್ಟಿನಲ್ಲಿ ಕಣ್ಣು ತುಂಬಿದಾಗ ಗ್ರೀಸು ಬಿತ್ತು ಅನ್ನುತ್ತಿದ್ದ.

"ಕಣ್ಣಿಗೆ ಗ್ರೀಸು ಬಿತ್ತಾ ಭಾಯಿ?" ಎಂದ ಖಲಂದರ್ ಮೆಲ್ಲಗೆ. ಉತ್ತರಕ್ಕೆ ಕಾಯದೆ ಅಂಗಡಿಗೆ ಹೋಗಿ, ಎರಡು ಮೂಟೆ ಫೋಮಿನ ಚೂರು ಹೊತ್ತು ತಂದ. ಓಡಿ ಹೋಗಿದ್ದ ಗಿಡ್ಡಪ್ಪನೂ ವಾಪಸು ಬಂದ, ಹೆಗಲ ಮೇಲೆ ಒಂದು ಹಳೇ ಫ್ಲೆಕ್ಸು ಹೊತ್ತುಕೊಂಡು.

"ಬರೀ ಫ್ಲೆಕ್ಸು ಹಾಕಿದ್ರೆ ಗಾಳಿಗೆ ಪಟಪಟ ಅಂತ ಹರೀತೈತೆ. ಕೆಳಗೆ ಮೆತ್ತನೆದು ಇರಬೇಕು," ಎಂದ.

ಮತ್ತೊಂದು ಸುತ್ತು ಸೋಪು. ಅದರ ಮೇಲೆ ಗೋಣಿಚೀಲ, ಅದರ ಮೇಲೆ ಒಂದು ಗೇಣು ಫೋಮು, ಮತ್ತೆ ಗೋಣಿ, ಎಲ್ಲದರ ಮೇಲೆ ಯಾವನೋ ಮರಿ ಮುಖಂಡನ ಹುಟ್ಟುಹಬ್ಬದ ಫ್ಲೆಕ್ಸು. ಹಗ್ಗ ಬಿಗಿದು, ಸುತ್ತ ಹಳೇ ಟೈರು ಹೇರಿದರು. ಮುಖಂಡ ಕೈಮುಗಿದು ಆಕಾಶ ನೋಡುತ್ತ ಮಲಗಿದ. ಮೆಷಿನ್ನು ತೊಳೆದು, ಮೂವರೂ ಮೂಸಿ ನೋಡಿ, ಅರ್ಧ ಗಂಟೆ ನೀರು ಹೊಡೆದರು.

ಒಳಗೆ ಒಂದೇ ಒಂದು ಹನಿ ಇಲ್ಲ!

ಪರಮೇಶ ಗಿಡ್ಡಪ್ಪನನ್ನು ತಬ್ಬಿಕೊಂಡ. ತಲೆ ಅವನ ಹೊಟ್ಟೆಯ ಹತ್ತಿರಕ್ಕೆ ಬಂತು. ಮಾವ ಸೀಮೆಸುಣ್ಣವನ್ನು ಜೇಬಿಗಿಟ್ಟುಕೊಂಡ.

ಸರಿಯಾಗಿ ನಾಲ್ಕಕ್ಕೆ ಜಗಳೂರಿನವರು ಬಂದರು. ಮೇಷ್ಟ್ರು ನೆಟ್ಟಗೆ, ಬಂದೂಕು ಹೊತ್ತವರ ಹಾಗೆ ಕೊಡೆ ಹೊತ್ತು ಬಂದರು. ಹಿಂದೆ ಅವರ ಹೆಂಡತಿ ಚೌಡೇಶ್ವರಿಯಮ್ಮ, ಕೈಯಲ್ಲಿ ತಿಂಡಿಯ ಚೀಲ. ಅವರು ಶೆಡ್ಡು ಮುಟ್ಟುವುದಕ್ಕೂ ಮೋಡ ಕವಿದು ಧೋ ಎಂದು ಮಳೆ ಶುರುವಾಗುವುದಕ್ಕೂ ಸರಿಹೋಯಿತು.

"ಬರ್ರಿ ಸಾರ್, ಬರ್ರಿ ಅಮ್ಮ, ಒಳಗೆ ಬರ್ರಿ!" ಪರಮೇಶ ಬಾಗಿಲು ತೆಗೆದ. ಜೀವನದಲ್ಲಿ ಮೊದಲ ಸಲ ಅವನಿಗೆ ಮಳೆಯ ಮೇಲೆ ಪ್ರೀತಿ ಬಂದಿತ್ತು.

ಇಬ್ಬರೂ ಹಾಸಿಗೆಯ ಮೇಲೆ ಕೂತರು. ಅಮ್ಮ ಪರದೆ ಮುಟ್ಟಿ ನೋಡಿದರು, ಒಲೆ ನೋಡಿ ತಲೆದೂಗಿದರು. ಹೊರಗಿನ ಬಣ್ಣ ನವಿಲಿನ ಹಾಗಿದೆ ಅಂದರು. ಆಮೇಲೆ ಕಣ್ಣು ಮುಚ್ಚಿ ಕೂತರು. ಒಂದು ನಿಮಿಷ. ಎರಡು ನಿಮಿಷ.

"ಮಳೆ ನಿಂತೇನ್ರೀ?" ಎಂದು ಗಂಡನನ್ನು ಕೇಳಿದರು.

ಮೇಷ್ಟ್ರು ಕಿಟಕಿಯಿಂದ ಇಣುಕಿದರು. "ಇಲ್ಲ ಕಣೇ, ಜೋರಾಗೇ ಹೊಡೀತೈತೆ."

"ಮತ್ತೆ ಸದ್ದೇ ಇಲ್ಲಲ್ರೀ!"

ಪರಮೇಶ ಎದೆಯುಬ್ಬಿಸಿದ. "ಒಂದು ಹನಿನೂ ಒಳಗೆ ಬರಲ್ಲ ಅಮ್ಮ. ಸದ್ದು ಕೂಡ ಬರಲ್ಲ. ಬ್ಯಾಂಕಿನ ಲಾಕರ್ ಇದ್ದಂಗೈತೆ."

ಅಮ್ಮನ ಮುಖ ಬಾಡಿತು. "ಲಾಕರಿನಾಗೆ ಮಲಗಾಕೆ ನಾವೇನು ಒಡವೇನಪ್ಪ?" ಎಂದರು. ಬ್ಯಾಗಿನಿಂದ ಫೋನು ತೆಗೆದು ಅವನದೇ ವೀಡಿಯೊ ಹಾಕಿದರು. ತಗಡಿನ ಮೇಲೆ ತಮಟೆ ಬಡಿದ ಹಾಗೆ ಮಳೆ. ನಡುನಡುವೆ, ಕಾಣದ ಬೋಗುಣಿಯೊಳಗೆ, ಟಣ್... ಟಣ್... "ನಮ್ಮ ಕಡೆ ಮಳೆ ಬರೋದೇ ಅಪರೂಪ. ಬಂದ್ರೂ ಈಗಿನ ಆರ್‌ಸಿಸಿ ಮನೆಯಾಗೆ ಗೊತ್ತಾಗಲ್ಲ. ನಾನು ಸಣ್ಣವಳಿದ್ದಾಗ ನಮ್ಮಪ್ಪನ ಮನೆ ತಗಡಿಂದು. ಮಳೆ ಬಂದ್ರೆ ಅವ್ವ ಪಾತ್ರೆ ಇಡೋಳು, ನಾವು ಆ ಟಣ್ ಟಣ್ ಎಣಿಸ್ಕೋತಾ ನಿದ್ದೆ ಹೋಗೋವು. ಇದನ್ನ ದಿನಾ ಹಾಕ್ಕೊಂಡು ಕೇಳ್ತೀನಿ. ಅದು ಎಲ್ಲಿ ಹೋತು?"

ಪರಮೇಶ ಫೋನು ನೋಡಿದ, ಛಾವಣಿ ನೋಡಿದ. ಅವನಿಗೆ ಸಿಟ್ಟು ಬರಲಿಲ್ಲ, ಅದಕ್ಕೂ ದಾರಿ ತಪ್ಪಿತ್ತು.

"ನಡೀರಿ, ಐದೂವರೆ ಬಸ್ಸಿಗೆ ವಾಪಸ್ ಹೋಗಾಣ," ಎಂದು ಅಮ್ಮ ಚೀಲ ಎತ್ತಿಕೊಂಡರು. ಹೊರಗೆ ಮಾವ ಜೇಬಿಗೆ ಕೈ ಹಾಕಿ ಸೀಮೆಸುಣ್ಣ ತೆಗೆದ.

"ಹತ್ತು ನಿಮಿಷ ಅಮ್ಮ! ಬರೀ ಹತ್ತು ನಿಮಿಷ!"

ಸುರಿವ ಮಳೆಯಲ್ಲಿ ಪರಮೇಶ ವ್ಯಾನಿನ ಮೇಲೆ ಹತ್ತಿದ. ಟೈರುಗಳು ಉರುಳಿದವು. ಮುಖಂಡ ಕೈಮುಗಿದುಕೊಂಡೇ ಕೆಸರಿಗೆ ಬಿದ್ದ. ಗೋಣಿ, ಫೋಮು ಎಲ್ಲ ಗಿಡ್ಡಪ್ಪ, ಖಲಂದರ್ ಸೇರಿ ಕಿತ್ತೆಸೆದರು. ತಗಡು ಬಯಲಾದದ್ದೇ ತಡ, ಮಳೆ ಬಡಿಯತೊಡಗಿತು, ನೂರು ತಮಟೆ ಒಟ್ಟಿಗೆ.

ಒಳಗೆ ಅಮ್ಮನ ಮುಖ ಅರಳಿತು. ಆದರೂ ಬೆರಳೆತ್ತಿ, "ಟಣ್?" ಅಂದರು.

ಬೋಗುಣಿ ಬಂತು. ಐವರೂ ಒಳಗೆ ಒತ್ತಿಕೊಂಡು ಕೂತು ಛಾವಣಿ ನೋಡಿದರು. ಹನಿಯಿಲ್ಲ. ಸೋಪು ಅಷ್ಟು ಚೆನ್ನಾಗಿ ಕೂತಿತ್ತು. ಬೆಳಗಿನಿಂದ ಯಾವ ಹನಿಗೆ ಶಾಪ ಹಾಕಿದ್ದನೋ ಅದೇ ಹನಿಗೆ ಪರಮೇಶ ಈಗ ಮನಸ್ಸಿನಲ್ಲೇ ಕೈಮುಗಿದ. ಟಾರ್ಚು ಹಿಡಿದು ಹಾಸಿಗೆಯ ಮೇಲೆ ಅಂಗಾತ ಮಲಗಿ ಹುಡುಕಿದ. ಮೇಷ್ಟ್ರು ಗಡಿಯಾರ ನೋಡಿದರು.

ಆಗ ಪ್ಲೈವುಡ್ಡಿನ ಸಂದಿಯಿಂದ ಒಂದು ಸೋಪಿನ ಗುಳ್ಳೆ ಮೂಡಿತು. ಉಬ್ಬಿತು. ಒಡೆಯಿತು. ಅದರ ಹಿಂದೆಯೇ ಪರಮೇಶನ ಹಣೆಯ ನಟ್ಟನಡುವೆ, ತಣ್ಣಗೆ, ಗುಂಡಗೆ, ಒಂದು ಹನಿ.

"ಬಂತು!" ಎಂದು ಐವರೂ ಕೂಗಿದರು. ಗಿಡ್ಡಪ್ಪನ ತಲೆ ಗೂಡಿಗೆ ಬಡಿಯಿತು. ಬೋಗುಣಿ ಇಟ್ಟರು. ಟಣ್.

ಅಮ್ಮ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿದರು. "ನಾಳೆ ಬೆಳಗ್ಗೆ ಹೊರಡೋದೇ," ಎಂದರು. "ನಮ್ಮ ತಂಗಿಗೂ ಹೇಳ್ತೀನಿ, ಮುಂದಿನ ವಾರ ಅವಳು ಬರ್ತಾಳೆ." ಹೊರಗೆ ಮಾವ ನಾಲ್ಕನೇ ಸಲ ಬರೆದಿದ್ದ ಚೌಕ ಮಳೆಗೆ ಕರಗಿ ಹರಿಯುತ್ತಿತ್ತು. ಪರಮೇಶನ ಕಣ್ಣಿಗೆ ಮತ್ತೆ ಗ್ರೀಸು ಬಿತ್ತು.

"ಒಂದೇ ಒಂದು ಮಾತಪ್ಪ," ಎಂದರು ಮೇಷ್ಟ್ರು, ತಲೆದಿಂಬು ಇರುವ ಕಡೆ ಮಲಗಿ ನೋಡಿ, ಹಣೆ ಒರೆಸಿಕೊಳ್ಳುತ್ತ. "ಬೋಗುಣಿ ಇಲ್ಲಿಟ್ರೆ ನನ್ನ ತಲೆ ಎಲ್ಲಿಡಲಿ? ಸೋರೋದನ್ನ ನಿಲ್ಲಿಸಬ್ಯಾಡ. ಬೆಳಗಾಗೋದ್ರೊಳಗೆ ಅರ್ಧ ಅಡಿ ಆಕಡೆ ಸರಿಸಿಬಿಡು, ಅಷ್ಟೇ."

"ಅದೇನು ಮಹಾ ಸಾರ್," ಎಂದ ಗಿಡ್ಡಪ್ಪ ತಲೆ ಸವರಿಕೊಳ್ಳುತ್ತ. "ನಾನು ಮೂವತ್ತು ವರ್ಷ..."

ಪರಮೇಶ ಸೋಪು ಕೈಗೆತ್ತಿಕೊಂಡು ಮತ್ತೆ ವ್ಯಾನಿನ ಮೇಲೆ ಹತ್ತಿದ.