ಟೆಕ್ಸ್ಟ್ ಬಾಕ್ಸಿನಿಂದ ಜಾರಿದವರು

ಕಡಬ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಉಂಟು. ಅರ್ಜಿ, ಆಮಂತ್ರಣ, ವರದಿ, ಎಂತ ಬೇಕಾದರೂ ಟೈಪ್ ಮಾಡಿಕೊಡುತ್ತೇನೆ. ನನ್ನ ಅರ್ಧ ಕೂದಲು ಬೆಳ್ಳಗಾದದ್ದು ಟೆಕ್ಸ್ಟ್ ಬಾಕ್ಸಿನಿಂದ. ಪುಟದ ಮೇಲೆ ಒಂದು ಚೌಕ ಎಳೆದು, ಒಳಗೆ ಅಕ್ಷರ ತುಂಬಿಸಿ, ಬೇಕಾದಲ್ಲಿ ಕೂರಿಸುವುದು, ಅಷ್ಟೇ. ಆದರೆ ಕೂರಿಸಿದಲ್ಲಿ ಅದು ಕೂರಬೇಕಲ್ಲ. ಒಂದು ವಾರ ಅವಾಂತರ ಆಗದಿದ್ದರೆ ನನಗೇ ಸಂಶಯ ಬರುತ್ತದೆ.

ಒಂದೇ ಒಂದು ಸಾಲು

ಆಲಂಕಾರಿನ ನಿವೃತ್ತ ಮಾಸ್ಟ್ರು, ನನಗೆ ಕಲಿಸಿದವರು, ತಮ್ಮ ಮನೆತನದ ಚರಿತ್ರೆಯನ್ನು ತಾವೇ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ತಂದರು.

"ಎಲ್ಲ ಆಗಿದೆ ಮಾರಾಯ್ತಿ. ಎರಡನೇ ಪುಟದಲ್ಲಿ ಒಂದು ಸಾಲು ಸೇರಿಸಿ ಪ್ರಿಂಟ್ ಕೊಟ್ರೆ ಸಾಕು."

ಫೈಲ್ ತೆರೆದೆ. ನಲವತ್ತು ಪುಟ, ಒಂದೊಂದು ಸಾಲಿಗೂ ಒಂದೊಂದು ಬಾಕ್ಸ್.

"ಹೀಗೆ ಯಾಕೆ ಮಾಡಿದ್ರಿ ಮಾಸ್ಟ್ರೇ?"

"ಸಾಲು ಓರೆ ಆಗಬಾರದಲ್ಲ."

ನಡುವೆ ಒಂದು ಸಾಲು ಬಂದರೆ ಕೆಳಗಿನ ಬಾಕ್ಸುಗಳನ್ನೆಲ್ಲ ಒಂದೊಂದಾಗಿ ಕೈಯಲ್ಲೇ ಇಳಿಸಬೇಕು. ಹೊಸದಾಗಿ ಟೈಪ್ ಮಾಡುತ್ತೇನೆ ಎಂದರೆ ಅವರು ಒಪ್ಪಲಿಲ್ಲ. ಅವರ ಫೈಲು ಹಾಳಾಗುತ್ತದಂತೆ. ಬೆಳಿಗ್ಗೆ ಕೂತವಳು ಮುಗಿಸುವಾಗ ಮೂರು ಗಂಟೆ. ಊಟವೂ ಆಗಿರಲಿಲ್ಲ. ಮಾಸ್ಟ್ರು ಕನ್ನಡಕ ಏರಿಸಿ ಎರಡನೇ ಪುಟ ಓದಿದರು, ಮತ್ತೊಮ್ಮೆ ಓದಿದರು.

"ಈ ಸಾಲು ನೋಡಿದ್ರೆ ಚಿಕ್ಕಪ್ಪನ ಮನೆಯವರಿಗೆ ಬೇಜಾರಾದೀತು. ತೆಗೆದುಬಿಡು."

ಕಾಣದೆ ಹೋದ ಕೋರಿಕೆ

ನೆಲ್ಯಾಡಿ ಕಡೆಯ ರಬ್ಬರ್ ಕೃಷಿಕರೊಬ್ಬರು ಹೊಸ ಮನೆಯ ಆಶೀರ್ವಾದಕ್ಕೆ ಆಮಂತ್ರಣ ಮಾಡಿಸಿದರು. ಮನೆಮಾತು ಮಲಯಾಳ, ಮಗಳು ಎಂಬ ಅರ್ಥದಲ್ಲಿ ನನ್ನನ್ನು ಮೋಳೆ ಎಂದೇ ಕರೆಯುವುದು. ಕೊನೆಗೆ 'ದಯವಿಟ್ಟು ಉಡುಗೊರೆ ತರಬೇಡಿ' ಎಂದು ಹಾಕಲೇಬೇಕು ಎಂದರು. ಹಾಕಿದೆ. ಪ್ರೂಫ್ ನೋಡಿ ಒಪ್ಪಿದ ಮೇಲೆ ಫೋನ್ ಬಂತು.

"ಹೆಂಡತಿಗೆ ಓದ್ಲಿಕ್ಕೆ ಆಗುದಿಲ್ಲ. ಅಕ್ಷರ ಸ್ವಲ್ಪ ದೊಡ್ಡದು ಮಾಡು ಮೋಳೆ."

ಮಾಡಿದೆ. ಅಕ್ಷರ ಬೆಳೆಯಿತು, ಬಾಕ್ಸ್ ಬೆಳೆಯಲಿಲ್ಲ. ಜಾಗ ಸಿಗದ ಕೊನೆಯ ಸಾಲು ಕಾಣದೆ ಹೋಯಿತು. ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದರು.

"ಹನ್ನೊಂದು ಗೋಡೆ ಗಡಿಯಾರ ಬಂತು. ಮನೆಯಲ್ಲಿ ಕೋಣೆ ಇರುದು ಐದು."

ನಾನು ತಪ್ಪೊಪ್ಪಿಕೊಂಡೆ. ಅವರು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟರು.

"ಇದು ನಿನಗೆ. ಬೇಡ ಅಂತ ಇದ್ರೆ ದೊಡ್ಡ ಅಕ್ಷರದಲ್ಲಿ ಬರೆದು ಕೊಡು."

ಅಗಲಿದವರ ಪುಟ

ಇಲ್ಲಿಯ ಒಂದು ಸಂಘದ ವಾರ್ಷಿಕ ವರದಿ. ಐದನೇ ಪುಟದಲ್ಲಿ ಸದಸ್ಯರ ಫೋಟೋಗಳು, ಒಂದೊಂದೂ ಒಂದೊಂದು ಬಾಕ್ಸಿನಲ್ಲಿ. ಆರನೇ ಪುಟದಲ್ಲಿ 'ನಮ್ಮನ್ನು ಅಗಲಿದವರು'. ಎಲ್ಲ ಮುಗಿದ ಮೇಲೆ ಕಾರ್ಯದರ್ಶಿಗಳು ಐದನೇ ಪುಟದ ತಲೆಗೆ ಎರಡು ಸಾಲು ಸೇರಿಸಿದರು. ಕೊನೆಯ ಬಾಕ್ಸ್ ಮೆಲ್ಲ ಜಾರಿ ಆರನೇ ಪುಟಕ್ಕೆ ಹೋಯಿತು. ಪುತ್ತೂರಿನಲ್ಲಿ ಪ್ರಿಂಟ್ ಆಗಿ ವರದಿ ಮನೆಮನೆಗೂ ತಲುಪಿತು.

ಎರಡು ದಿನ ಕಳೆದು ಬಿಳಿ ಪಂಚೆಯ ಹಿರಿಯರೊಬ್ಬರು ಅಂಗಡಿಗೆ ಬಂದರು. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು, ಆರನೇ ಪುಟದವರು.

"ವರದಿ ಟೈಪ್ ಮಾಡಿದ್ದು ನೀವಾ?"

"ಹೌದು."

"ನಾನು ತೀರಿಹೋದದ್ದು ಯಾವಾಗ ಅಂತ ಸ್ವಲ್ಪ ಹೇಳ್ತೀರಾ? ಸುಳ್ಯದಿಂದ ಭಾವ ಹೊರಟಾಗಿದೆ. ಬಂದವರಿಗೆ ಎಂತಾದ್ರೂ ಹೇಳ್ಬೇಕಲ್ಲ."

ನನಗೆ ಭೂಮಿಯೊಳಗೆ ಹೋಗುವ ಹಾಗಾಯಿತು. ಕ್ಷಮೆ ಕೇಳಿದೆ. ಟೆಕ್ಸ್ಟ್ ಬಾಕ್ಸ್ ಜಾರುವುದನ್ನು ಕಂಪ್ಯೂಟರಿನಲ್ಲಿ ತೋರಿಸಿದೆ. ಅವರಿಗೆ ಸಮಾಧಾನ ಆಗಲಿಲ್ಲ.

"ನಿಮ್ಮತ್ರ ಹೇಳಿ ಪ್ರಯೋಜನ ಇಲ್ಲ. ಭಾನುವಾರ ಮೀಟಿಂಗಿಗೇ ಹೋಗಿ ಕೇಳ್ತೇನೆ."

ಸೋಮವಾರ ಅಂಗಡಿ ತೆರೆಯುವಾಗಲೇ ಕಾರ್ಯದರ್ಶಿಗಳು ಬಂದರು. ಬೈಗುಳ ತಿನ್ನಲು ಸಿದ್ಧಳಾಗಿಯೇ, "ಆ ಪುಟ ಬೇರೆ ಮಾಡಿ ಕೊಡ್ತೇನೆ ಸರ್" ಎಂದೆ.

"ಅದಿರ್ಲಿ. ಅವರು ಐದು ವರ್ಷದಿಂದ ಒಂದು ಮೀಟಿಂಗಿಗೂ ಬಂದವರಲ್ಲ. ನಿನ್ನೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ರು."

ಆಮೇಲೆ ಹೊರಗೆ ಒಮ್ಮೆ ನೋಡಿ, ಕಿಸೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟರು.

"ಬರದವರು ಇನ್ನೂ ನಾಲ್ಕು ಜನ ಇದ್ದಾರೆ. ಮುಂದಿನ ವರ್ಷ ಇವರನ್ನೂ ಸ್ವಲ್ಪ ಆಚೆ ಪುಟಕ್ಕೆ ಜಾರಿಸ್ಲಿಕ್ಕೆ ಆಗ್ತದಾ?"