ಜಂಟಿ ಬೈನಾಕ್ಯುಲರ್

ಮಾತು ಬಿಡುವುದು ಸುಲಭ, ಬಿಟ್ಟ ಮಾತನ್ನು ಹಾಗೆಯೇ ಕಾಪಾಡಿಕೊಂಡು ಬರುವುದು ಕಷ್ಟ. ಸಿಟ್ಟು ತನ್ನಷ್ಟಕ್ಕೆ ಉರಿಯುವ ವಸ್ತುವಲ್ಲ. ಹಸಿ ಸೌದೆಯ ಒಲೆಯ ಹಾಗೆ ಎದುರಿಗೆ ಕೂತು ಊದುತ್ತಲೇ ಇರಬೇಕು, ಕಣ್ಣಲ್ಲಿ ನೀರು ಬಂದರೂ ಏಳುವಂತಿಲ್ಲ. ಅದರಲ್ಲೂ ತೀರ್ಥಹಳ್ಳಿಯಂಥ ಊರಿನಲ್ಲಿ ಮಾತು ಬಿಟ್ಟವರ ಪಾಡು ಯಾರಿಗೂ ಬೇಡ. ತರಕಾರಿ ತರಲು ಹೋದರೆ ಅವರು, ಔಷಧಿ ಅಂಗಡಿಗೆ ಹೋದರೆ ಅವರು, ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯೂ ಅವರದೇ. ಎದುರು ಸಿಕ್ಕಾಗಲೆಲ್ಲ ಕತ್ತೆತ್ತಿ ಅಂಗಡಿಗಳ ಬೋರ್ಡು ಓದುತ್ತಾ ನಡೆದದ್ದರಿಂದ ನಮ್ಮೂರಿನ ಮುಖ್ಯ ರಸ್ತೆಯ ಬೋರ್ಡುಗಳಲ್ಲಿರುವ ಕಾಗುಣಿತದ ತಪ್ಪುಗಳೆಲ್ಲ ನನಗೆ ಬಾಯಿಪಾಠವಾಗಿವೆ.

ನಾನು ಮಾತು ಬಿಟ್ಟದ್ದು ನನ್ನ ವಾರಗಿತ್ತಿ ವನಜಾಳ ಜೊತೆ. ನನ್ನ ಗಂಡನ ತಮ್ಮನ ಹೆಂಡತಿ, ನನಗಿಂತ ಚಿಕ್ಕವಳು, ಎರಡು ಬೀದಿಯಾಚೆ ಮನೆ. ಕಾರಣ ಹೇಳಿದರೆ ನೀವು ನಗುತ್ತೀರಿ, ಆದರೂ ಹೇಳುತ್ತೇನೆ. ಒಂದು ಸಲ ನಮ್ಮ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಕಡುಬು, ಕೋಳಿ ಸಾರು ಮಾಡಿದ್ದೆ. ವನಜಾ ಕಡುಬನ್ನು ಬೆರಳಿನಿಂದ ಒತ್ತಿ ನೋಡಿ, ಎಲ್ಲರೆದುರಿಗೆ, "ಅಕ್ಕಾ, ಇದನ್ನ ಬೀಸಿ ಎಸೆದ್ರೆ ಎರಡು ಮಾವಿನಕಾಯಿ ಬೀಳ್ತವೆ ನೋಡಿ" ಅಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಮನೆಯವರು. ನಾನು ಸುಮ್ಮನಿರಬಹುದಿತ್ತು. ಆದರೆ ಹೈಸ್ಕೂಲಿನಲ್ಲಿ ಪಾಠ ಹೇಳುವವರಿಗೆ ಸುಮ್ಮನಿರುವ ಅಭ್ಯಾಸ ಇರುವುದಿಲ್ಲ. "ತಗೊಂಡ್ಹೋಗು, ನಿನ್ನ ಅಪ್ಪನ ಮನೇಲಿ ಬೀಳಿಸೋದಕ್ಕೆ ಮಾವಿನಮರ ಇದ್ರೆ" ಅಂದುಬಿಟ್ಟೆ. ಕಡುಬಿನ ಜಗಳಕ್ಕೆ ತವರುಮನೆಯನ್ನು ಎಳೆದು ತಂದ ಮೇಲೆ ಇನ್ನೇನು ಉಳಿಯಿತು? ಅವಳು ಕೈತೊಳೆದು ಎದ್ದು ಹೋದಳು. ಆಮೇಲೆ ಎರಡು ವರ್ಷ ನಮ್ಮಿಬ್ಬರ ನಡುವೆ ಒಂದು ಶಬ್ದದ ವಿನಿಮಯವೂ ನಡೆಯಲಿಲ್ಲ. ಅಣ್ಣತಮ್ಮಂದಿರು ಮಾತ್ರ ಏನೂ ಆಗಿಲ್ಲದವರ ಹಾಗೆ ದಿನಾ ಸಂಜೆ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು. ಗಂಡಸರಿಗೆ ಸಿಟ್ಟನ್ನು ಸಾಕುವ ಶ್ರದ್ಧೆ ಇಲ್ಲ.

ಹೀಗಿರುವಾಗ ನನಗೆ ಸಕ್ಕರೆ ಕಾಯಿಲೆ ಶುರುವಾಗಿ, ನಡೆಯಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಸುಮ್ಮನೆ ನಡೆಯುವುದು ನನ್ನಿಂದ ಆಗದ ಕೆಲಸ. ಅದಕ್ಕೆ ನಮ್ಮ ಮನೆಯವರು, "ದನದ ಡಾಕ್ಟ್ರು ಭಾನುವಾರ ಭಾನುವಾರ ಹಕ್ಕಿ ತೋರ್ಸೋಕೆ ಕರ್ಕೊಂಡು ಹೋಗ್ತಾರಂತೆ, ಹೋಗಿ ಬಾ" ಅಂದರು. ಹಕ್ಕಿ ನೋಡಿದರೆ ಸಕ್ಕರೆ ಇಳಿಯುತ್ತದೆಯೇ ಎಂದು ಕೇಳಿದೆ. "ಹಕ್ಕಿ ಹಾರ್ತದೆ, ನೀನು ಹಿಂದೆ ನಡೀತೀಯ, ಇಳೀತದೆ" ಅಂದರು. ಡಾಕ್ಟರು ದನದ ಆಸ್ಪತ್ರೆಯಿಂದ ನಿವೃತ್ತರಾದವರು, ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಗದ್ದೆ, ಕೆರೆ, ಕಾಡು ಅಂತ ಸುತ್ತುತ್ತಾರೆ. ಬಹಳ ಮೆತ್ತನೆಯ ಮನುಷ್ಯ. ಅವರದು ಒಂದೇ ನಿಯಮ: ನಡೆಯುವಾಗ ಯಾರೂ ಮಾತಾಡಕೂಡದು.

ಮೊದಲ ಭಾನುವಾರ ಅರಳಸುರಳಿಯ ಕಡೆ ಹೋದೆವು. ಚಳಿಗಾಲ, ಕೊಯ್ಲಾದ ಗದ್ದೆ, ಕೂಳೆಯ ಮೇಲೆಲ್ಲ ಇಬ್ಬನಿ. ನಾನು ಶಾಲು ಸುತ್ತಿಕೊಂಡು ನಿಂತಿದ್ದೆ. ಆಗ ಮೈದುನನ ಬೈಕು ಬಂತು, ಹಿಂದಿನಿಂದ ವನಜಾ ಇಳಿದಳು. ನನ್ನನ್ನು ನೋಡಿ ಅವಳ ಮುಖ ಬಿತ್ತು, ಅವಳನ್ನು ನೋಡಿ ನನ್ನದೂ ಬಿತ್ತು. ಓದಲು ಅಲ್ಲಿ ಒಂದು ಬೋರ್ಡೂ ಇರಲಿಲ್ಲ. ಅವಳ ಕೈಯಲ್ಲಿ ಹೊಸ ಬೈನಾಕ್ಯುಲರ್ ಇತ್ತು. ಮೈದುನ ಹಲ್ಲು ಕಿರಿದು, "ಅತ್ತಿಗೆ, ಇದು ಅಣ್ಣ ನಾನು ಸೇರಿ ತಗೊಂಡಿದ್ದು. ನಿಮ್ಮಿಬ್ರಿಗೂ ಒಂದೇ. ಹಂಚ್ಕೊಂಡು ನೋಡಿ" ಎಂದು ಹೇಳಿ ಬೈಕು ತಿರುಗಿಸಿಕೊಂಡು ಓಡಿಹೋದ. ಆಗ ನನಗೆ ಅರ್ಥವಾಯಿತು, ಸಂಜೆಯ ಕಾಫಿಯಲ್ಲಿ ಏನು ಕುದಿಯುತ್ತಿತ್ತು ಎಂದು.

ವಾಪಸು ಹೋಗೋಣವೆಂದರೆ, ಅವಳಿಗೆ ಹೆದರಿ ಹೋದಳು ಎಂದಾಗುತ್ತದೆ. ಅವಳೂ ಹಾಗೆಯೇ ಯೋಚಿಸಿರಬೇಕು. ಇಬ್ಬರೂ ಉಳಿದೆವು. ಡಾಕ್ಟರ ನಿಯಮ ನಮಗೆ ಹೇಳಿ ಮಾಡಿಸಿದಂತಿತ್ತು. ಉಳಿದವರು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡಿದ್ದರೆ ನಾವಿಬ್ಬರು ಎರಡು ವರ್ಷದ ಅನುಭವವಿದ್ದವರು. ತೊಂದರೆ ಬಂದದ್ದು ಬೈನಾಕ್ಯುಲರಿನಿಂದ. ಅವಳು ನೋಡಿ ಆದ ಮೇಲೆ ಡಾಕ್ಟರ ಕೈಗೆ ಕೊಡುವಳು, ಡಾಕ್ಟರು ನನಗೆ ಕೊಡುವರು. ನಾನು ಕಣ್ಣಿಗೆ ಹಿಡಿದರೆ ಇಡೀ ಅರಳಸುರಳಿ ಮಂಜು ಮಂಜು. ಅವಳು ಆ ನಡುವಿನ ಚಕ್ರವನ್ನು ಎತ್ತೆತ್ತಲೋ ತಿರುಗಿಸಿಟ್ಟಿರುತ್ತಿದ್ದಳು. ನಾನು ಸರಿಮಾಡಿಕೊಳ್ಳುವಷ್ಟರಲ್ಲಿ ಟಿಟ್ಟಿಭ ಹಾರಿ ಪಕ್ಕದ ಊರು ಸೇರಿರುತ್ತಿತ್ತು. "ಡಾಕ್ಟ್ರೇ, ಸುಮ್ಮನೆ ತಿರುಗಿಸ್ಬೇಡ ಅಂತ ಅವಳಿಗೆ ಹೇಳಿ" ಅಂದೆ. ಅವಳು ಆಕಾಶ ನೋಡುತ್ತಾ, "ಡಾಕ್ಟ್ರೇ, ಅವರೇ ತಿರುಗಿಸಿಟ್ಟು ನಂಗೆ ಕೊಡ್ತಾರೆ, ಹೇಳಿ" ಅಂದಳು. ದನಕರುಗಳ ಜೊತೆ ಬಾಳಿದ ಡಾಕ್ಟರು ಇಬ್ಬರಿಗೂ "ಆಯ್ತು ಆಯ್ತು" ಎಂದು ಬೆನ್ನು ತಟ್ಟುವ ಧಾಟಿಯಲ್ಲಿ ಹೇಳಿ ಮುಂದೆ ನಡೆದರು.

ಹಾಗೆಯೇ ಚಳಿಗಾಲ ಕಳೆಯಿತು. ನನಗೆ ಗೊತ್ತಿಲ್ಲದಂತೆ ಹಕ್ಕಿಯ ಹುಚ್ಚು ಹಿಡಿಯಿತು. ಬೂರುಗದ ಮರ ಎಲೆ ಉದುರಿಸಿ ಕೆಂಪು ಹೂ ಬಿಟ್ಟಾಗ ಅದರಲ್ಲಿ ಮೈನಾ, ಪಿಕಳಾರ, ಕಾಜಾಣಗಳ ಗದ್ದಲ ನೋಡಿ, ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಇನ್ನು ಬೈಯಬಾರದು ಅನ್ನಿಸಿತು. ಬೇಸಗೆಯಲ್ಲಿ ಬಸ್ಸು ಹತ್ತಿ ಹುಂಚಕ್ಕೆ ಹೋಗಿ ಕೆರೆ ದಂಡೆಯಲ್ಲಿ ಮಿಂಚುಳ್ಳಿ ಮೀನು ಹಿಡಿಯುವುದನ್ನು ಕಾದು ಕೂತೆವು. ಆ ದಿನಗಳಲ್ಲಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ಡಾಕ್ಟರು ಬೆರಳು ತುಟಿಗಿಟ್ಟು "ಕೇಳ್ತಾ?" ಎಂದಾಗ ಎಲ್ಲರೂ ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ನಿಜಕ್ಕೂ ಕೇಳುತ್ತಿತ್ತೇ ಎಂಬ ವಿಚಾರ ಬೇರೆ. ವನಜಾಳ ಮುಖ ಮಾತ್ರ ಆ ಸಣ್ಣ ದನಿ ಬಂದ ಕಡೆಗೆ ತಟ್ಟನೆ ತಿರುಗುತ್ತಿತ್ತು. ಅವಳ ಮೂಗು ತೋರಿಸುವ ದಿಕ್ಕಿಗೆ ನಾನು ಬೈನಾಕ್ಯುಲರ್ ಹಿಡಿಯುತ್ತಿದ್ದೆ, ಹಕ್ಕಿ ಅಲ್ಲಿಯೇ ಇರುತ್ತಿತ್ತು. ಮಾತು ಬಿಟ್ಟವಳ ಮೂಗನ್ನು ಬಳಸಬಾರದು ಎಂದು ಯಾವ ಶಾಸ್ತ್ರದಲ್ಲೂ ಇಲ್ಲ. ವಿಚಿತ್ರವೆಂದರೆ, ನಾನು ಹಿಡಿದ ತಕ್ಷಣ ಅವಳೂ ಅದೇ ಕೊಂಬೆಯನ್ನು ನೋಡಿ, "ಹಾಂ, ಕಾಣ್ತು" ಎಂದು ಗಾಳಿಗೆ ಹೇಳುತ್ತಿದ್ದಳು.

ಜೂನ್ ಬಂತು, ಮಳೆ ಹಿಡಿಯಿತು, ಡಾಕ್ಟರ ನಡಿಗೆ ನಿಂತಿತು. ಭಾನುವಾರ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಮಳೆ ನೋಡುವಾಗ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. "ಹಕ್ಕಿ ನೆನಪಾ, ವನಜಾ ನೆನಪಾ?" ಎಂದು ನಮ್ಮ ಮನೆಯವರು ಕೇಳಿದರು. ಕಾಫಿಗೆ ಸಕ್ಕರೆ ಹಾಕದೆ ಕೊಟ್ಟೆ.

ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಹೊಳವಾದಾಗ ಡಾಕ್ಟರು ಮೇಗರವಳ್ಳಿಯ ಕಾಡಿಗೆ ಹೊರಡಿಸಿದರು. ಅಲ್ಲಿನ ಹಳ್ಳದ ಬದಿಯಲ್ಲಿ ಒಂದು ವಿಶೇಷ ಹಕ್ಕಿ ಹಾಡುತ್ತದೆ, ಅದನ್ನು ಕೇಳಿಸಲೇಬೇಕು ಎಂದು ಅವರ ಹಟ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು ಹೋದರೂ ರಕ್ತ ಹೀರುವ ಇಂಬಳಗಳು ನೆಂಟರ ಹಾಗೆ ಮೈಮೇಲೆ ಬಂದವು. ಒಂದು ಕಡೆ ಹಳ್ಳಕ್ಕೆ ಸಂಕ ಹಾಕಿದ್ದರು, ಎರಡು ಮರದ ದಿಮ್ಮಿ ಜೋಡಿಸಿದ್ದು ಅಷ್ಟೆ. ಎಲ್ಲರೂ ದಾಟಿದರು. ಕೊನೆಗೆ ವನಜಾ, ಅವಳ ಹಿಂದೆ ನಾನು. ಅವಳು ಸಂಕದ ಮುಂದೆ ನಿಂತು, ಸ್ವಲ್ಪ ಯೋಚಿಸಿ, ಸಂಕವೇ ಇಲ್ಲದ ಕಡೆ ಧೈರ್ಯವಾಗಿ ಕಾಲಿಟ್ಟಳು. ನಾನು ಕೂಗಿಕೊಂಡು ಅವಳ ಸೆರಗು ಹಿಡಿದೆ. ನಾನು ಕೂಗಿದ್ದು "ವನಜಾ!" ಎಂದು. "ಬೈನಾಕ್ಯುಲರ್!" ಎಂದು ಕೂಗಿದಿರಿ ಅನ್ನುವುದು ಅವಳ ವಾದ. ಏನೇ ಇರಲಿ, ಅವಳು ಬಿದ್ದಳು, ಸೆರಗು ಹಿಡಿದ ನಾನೂ ಬಿದ್ದೆ. ಮೊಣಕಾಲುದ್ದದ ನೀರು, ಅದರಡಿಗೆ ಅಷ್ಟೇ ಕೆಸರು. ಇಬ್ಬರೂ ಎಮ್ಮೆಗಳ ಹಾಗೆ ಕೂತಿದ್ದೆವು. ಬೈನಾಕ್ಯುಲರನ್ನು ಮಾತ್ರ ಅವಳು ಕೈಯೆತ್ತಿ ನೀರಿನ ಮೇಲೆ ಹಿಡಿದಿದ್ದಳು.

"ಕಣ್ಣು ಕಾಣಲ್ವೇನೇ ನಿಂಗೆ?" ಎಂದು ಗದರಿದೆ.

"ಇಲ್ಲ ಅಕ್ಕ" ಅಂದಳು. "ಎರಡು ಸಂಕ ಕಾಣ್ತು. ಚೆನ್ನಾಗಿರೋದರ ಮೇಲೆ ಕಾಲಿಟ್ಟೆ."

ಅಷ್ಟರಲ್ಲಿ ಮೇಲಿನ ಪೊದೆಯಿಂದ ಒಂದು ಸಿಳ್ಳೆ ಕೇಳಿತು. ಪೋಲಿ ಹುಡುಗ ರಸ್ತೆಯಲ್ಲಿ ಹೋಗುವಾಗ ಹಾಕುತ್ತಾನಲ್ಲ, ಅರ್ಧ ಹಾಡು, ಅರ್ಧ ಉಡಾಫೆ, ಹಾಗೆ. ಇಬ್ಬರು ಹೆಂಗಸರು ಕೆಸರಿನಲ್ಲಿ ಬಿದ್ದಿರುವಾಗ ಸಿಳ್ಳೆ! ನನ್ನೊಳಗಿನ ಟೀಚರು ಎದ್ದು ನಿಂತಳು. "ಯಾವನೋ ಅವನು ಸಿಳ್ಳೆ ಹೊಡೀತಿರೋದು? ಬಾರೋ ಈಚೆ! ಮನೇಲಿ ಅಕ್ಕತಂಗೀರಿಲ್ವಾ?" ಎಂದು ಗರ್ಜಿಸಿದೆ. ಕಾಡು ಸ್ತಬ್ಧವಾಯಿತು. ಪೊದೆಯಿಂದ ಕಪ್ಪು ಮಿಶ್ರಿತ ನೀಲಿಯ ಹಕ್ಕಿಯೊಂದು ಭುರ್ರನೆ ಎದ್ದು, ಹಳ್ಳದ ಮೇಲೆ ಹಾರಿ, ಬಂಡೆಯ ಮೇಲೆ ಒಂದು ಕ್ಷಣ ಕೂತು ಮರೆಯಾಯಿತು. ಆಚೆ ದಡದಲ್ಲಿ ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಟೀಚರೇ, ಅದು ಸಿಳ್ಳಾರ. ಅದನ್ನ ಕೇಳ್ಸೋದಕ್ಕೆ ಅಂತಾನೇ ನಿಮ್ಮನ್ನೆಲ್ಲ ಇಲ್ಲಿ ತನಕ ಕರ್ಕೊಂಡು ಬಂದೆ" ಅಂದರು. ಅವರ ದನಿ ಅಳುವಂತಿತ್ತು.

ವನಜಾ ಮೊದಲು ನಕ್ಕಳು. ಆಮೇಲೆ ನಾನು. ನಕ್ಕು ನಕ್ಕು ಏಳಲು ಹೋಗಿ ಮತ್ತೆ ಜಾರಿ ಕೂತೆವು. ನಗು ನಿಂತ ಮೇಲೆ ಅವಳು ಮೆಲ್ಲಗೆ, "ಅಕ್ಕ, ಹ್ಯಾಗಿತ್ತು ಅದು? ನಂಗೆ ಕಪ್ಪಗೆ ಏನೋ ಹೋದಂಗಾಯ್ತು ಅಷ್ಟೆ" ಅಂದಳು. ನಾನು ಹೇಳಿದೆ: ಮೈಯೆಲ್ಲ ಶಾಯಿಯ ಬಣ್ಣ, ಹೆಗಲ ಮೇಲೆ ಮಾತ್ರ ಹೊಸ ರೇಷ್ಮೆಯ ಹಾಗೆ ಹೊಳೆಯುವ ನೀಲಿ, ಹಣೆಯಲ್ಲೂ ಅದೇ ನೀಲಿ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. "ವರ್ಷದ ಮೇಲಾಯ್ತು. ಪೊರೆ ಬಂದಿದೆಯಂತೆ. ನೀವು ಬೈನಾಕ್ಯುಲರ್ ಎತ್ತ ಹಿಡೀತೀರೋ ಅತ್ತ ನೋಡಿ, ಕಾಣ್ತು ಅಂತಿದ್ದೆ. ಆಪರೇಷನ್ ಅಂದ್ರೆ ಹೆದರಿಕೆ, ಇವರತ್ರ ಹೇಳಿದ್ರೆ ನಾಳೆನೇ ಹೊರಡಿಸ್ತಾರೆ. ನಿಮ್ಮತ್ರ ಹೇಳೋಣ ಅಂದ್ರೆ..." ಚಕ್ರ ತಿರುಗಿಸಿದ್ದು ಏಕೆಂದು ಆಗ ತಿಳಿಯಿತು. ಹುಡುಗಿ ಎತ್ತ ತಿರುಗಿಸಿದರೂ ಕಾಣದ್ದನ್ನು ಕಾಣಲು ಒದ್ದಾಡುತ್ತಿದ್ದಳು, ನಾನು ಅದನ್ನೂ ಜಗಳದ ಲೆಕ್ಕಕ್ಕೆ ಬರೆದುಕೊಂಡಿದ್ದೆ. ನನ್ನ ಸೆರಗಿನ ತುದಿಯಿಂದ ಅವಳ ಮುಖದ ಕೆಸರು ಒರೆಸಿದೆ. ಕೆನ್ನೆಗೆ ಇಂಬಳ ಹತ್ತಿತ್ತು, ತೆಗೆದೆ ಎಂದು ಅವಳಿಗೆ ಹೇಳಿದೆ.

ದೀಪಾವಳಿಗೆ ಮುಂಚೆ ಶಿವಮೊಗ್ಗದ ಕಣ್ಣಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಒಳಗೆ ಹೋಗುವ ಮುಂಚೆ ನನ್ನ ಕೈಯನ್ನು ಅವಳು ಹಿಡಿದ ರಭಸಕ್ಕೆ ನನ್ನ ಬಳೆ ಒಡೆಯಿತು. "ನೋವಾಗಲ್ಲ, ಹೋಗು. ನಾನು ಇಲ್ಲೇ ಇರ್ತೀನಿ" ಅಂದೆ. ಹೊರಗೆ ಕೂತು, ಯಾರೂ ನೋಡದ ಹಾಗೆ, ತೀರ್ಥಹಳ್ಳಿಯ ಎಲ್ಲ ದೇವರಿಗೂ ಹೇಳಿಕೊಂಡೆ. ಮರುದಿನ ಪಟ್ಟಿ ಬಿಚ್ಚಿದಾಗ ಅವಳು ಕಣ್ಣು ಪಿಳಿಪಿಳಿ ಮಾಡಿ ನನ್ನನ್ನೇ ದಿಟ್ಟಿಸಿ ನೋಡಿದಳು. ಕೃತಜ್ಞತೆಯ ಮಾತು ಬರುತ್ತದೆಂದು ನಾನು ಮುಖ ಸಿದ್ಧಮಾಡಿಕೊಂಡಿದ್ದೆ. "ಅಯ್ಯೋ ಅಕ್ಕಾ, ನಿಮ್ಗೆ ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತು?" ಅಂದಳು. ಮತ್ತೆ ಮಾತು ಬಿಡಬೇಕೆನ್ನಿಸಿತು, ಆದರೆ ಬಸ್ಸಿನಲ್ಲಿ ಪಕ್ಕದ ಸೀಟೇ ಸಿಕ್ಕಿತು.

ಈಗ ಅವಳಿಗೆ ಎಲೆಯ ಮರೆಯ ಸೂರಕ್ಕಿಯೂ ಬರಿಗಣ್ಣಿಗೆ ಕಾಣುತ್ತದೆ. ಕಿವಿಯಂತೂ ಮೊದಲಿನಿಂದಲೂ ಚುರುಕು. ಹೋದ ಭಾನುವಾರ ಡಾಕ್ಟರು ಬೆರಳು ತುಟಿಗಿಟ್ಟು "ಕೇಳ್ತಾ?" ಎಂದಾಗ ನಾನು ಎಂದಿನಂತೆ ತಲೆಯಾಡಿಸಿದೆ. ವನಜಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಕ್ಕ, ಹಕ್ಕಿ ಇನ್ನೂ ಕೂಗಿಲ್ಲ" ಅಂದಳು. ಅಂದಿನಿಂದ ಅವಳು, ನನ್ನ ಗಂಡ, ಮೈದುನ ಮೂವರೂ ಸೇರಿ, ಶಿವಮೊಗ್ಗಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬೆನ್ನು ಹತ್ತಿದ್ದಾರೆ. ನನ್ನ ಕಿವಿಗೆ ಏನಾಗಿದೆ? ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿದೆ. ಈಗಿನ ಹಕ್ಕಿಗಳು ಸ್ವಲ್ಪ ಬಾಯಿಬಿಟ್ಟು ಕೂಗುವುದನ್ನು ಕಲಿತರೆ ಸಾಕು.